ಹತ್ತು ಗಂಟೆಗೆ ಬೀಳುತ್ತಿದ್ದ ಫೈರ್‌ವಾಲ್

2007ರ ಶ್ರಾವಣದಲ್ಲಿ ಉಣಕಲ್ಲಿನ ಕುಬೇರಪ್ಪನವರ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೈಸಿಕೊಂಡದ್ದು ಒಂದು ಹಳೆಯ ಕಂಪ್ಯೂಟರು. ಪಾಪ, ಅದು ಯಾರಿಗೂ ಕೇಡು ಬಯಸಿದ್ದಲ್ಲ. ಆದರೆ ಮನೆಯಲ್ಲಿ ಇಂಟರ್‌ನೆಟ್ ಹೋಯಿತೆಂದರೆ ಸಾಕು, ಎಲ್ಲರ ಕಣ್ಣೂ ಪಡಸಾಲೆಯ ಮೂಲೆಯಲ್ಲಿ ಗುಂಯ್‌ಗುಡುತ್ತ ಕೂತ ಆ ಬೂದು ಡಬ್ಬಿಯ ಮೇಲೆಯೇ ಹೋಗಿ ನಿಲ್ಲುತ್ತಿತ್ತು. ಅದರ ಹೆಸರು ಫೈರ್‌ವಾಲ್. ಅದನ್ನು ಕಟ್ಟಿದವಳು ಆ ಮನೆಯ ಸೊಸೆ ರಾಜೇಶ್ವರಿ.

ಫೈರ್‌ವಾಲ್ ಎಂದರೇನು ಎಂದು ಓಣಿಯವರು ಕೇಳಿದಾಗ ರಾಜೇಶ್ವರಿ ಒಂದೇ ಮಾತಿನಲ್ಲಿ ಹೇಳುತ್ತಿದ್ದಳು: ಬಾಗಿಲು ಕಾಯುವ ಯಂತ್ರ. ಹೊರಗಿನ ಇಂಟರ್‌ನೆಟ್ಟು ಮೊದಲು ಮೋಡೆಮ್ಮಿಗೆ ಬರುತ್ತದೆ, ಅಲ್ಲಿಂದ ಈ ಡಬ್ಬಿಗೆ. ಯಾರು ಒಳಗೆ ಬರಬೇಕು, ಯಾರನ್ನು ಹೊಸ್ತಿಲಲ್ಲೇ ನಿಲ್ಲಿಸಬೇಕು ಎಂದು ಡಬ್ಬಿ ತೀರ್ಮಾನಿಸುತ್ತದೆ. ಆಮೇಲೆ ಗೋಡೆಯ ಮೊಳೆಗೆ ತೂಗುಹಾಕಿದ ಸ್ವಿಚ್ಚು ಎಂಬ ಅಂಗೈಯಗಲದ ಪೆಟ್ಟಿಗೆ ಆ ದಾರಿಯನ್ನು ಮನೆಯ ಎರಡು ಕಂಪ್ಯೂಟರುಗಳಿಗೆ ಹಂಚುತ್ತದೆ. ಒಂದು ಅವಳದು. ಇನ್ನೊಂದು ಗಂಡ ಶಿವಯೋಗೀಶನದು. ಹತ್ತಿ ವ್ಯಾಪಾರದ ಅವನು ಬೆಳಗೆದ್ದು ಅದರಲ್ಲಿ ಧಾರಣೆ ನೋಡುತ್ತಿದ್ದ.

ಅವಳಿಗೆ ಈ ಕಾವಲುಗಾರ ಹವ್ಯಾಸವಾಗಿರಲಿಲ್ಲ. ವಿದ್ಯಾನಗರದ ಒಂದು ಕಂಪನಿಗೆ ಅವಳು ದೂರದೇಶದ ಡಾಕ್ಟರುಗಳು ಧ್ವನಿಮುದ್ರಿಸಿ ಕಳಿಸಿದ ರೋಗಿಗಳ ವಿವರವನ್ನು ಕೇಳಿ ಟೈಪು ಮಾಡುತ್ತಿದ್ದಳು. ಎರಡು ವರ್ಷ ಆಫೀಸಿಗೇ ಹೋಗಿ ದುಡಿದಿದ್ದಳು. ಆ ವರ್ಷ ಕಂಪನಿ ಆಫೀಸಿನ ಕುರ್ಚಿಗಳನ್ನು ಅರ್ಧಕ್ಕಿಳಿಸಿ, ಒಬ್ಬಳಿಗೆ ಮಾತ್ರ ಮನೆಯಿಂದ ಮಾಡಿ ತೋರಿಸಲು ಅವಕಾಶ ಕೊಟ್ಟಿತು. ರೋಗಿಗಳ ಗುಟ್ಟು ಹೊರಗೆ ಹೋಗಬಾರದು, ಆದ್ದರಿಂದ ಮನೆಯಲ್ಲಿ ಫೈರ್‌ವಾಲ್ ಇರಲೇಬೇಕು ಎಂಬುದು ಕರಾರು. ಉಳಿದವರು ಹಿಂದೆ ಸರಿದರು. ರಾಜೇಶ್ವರಿ ಗಂಡನ ಅಂಗಡಿಯ ಮೂಲೆಗೆ ಬಿದ್ದ ಹಳೆಯ ಕಂಪ್ಯೂಟರು ತಂದು, ಅದಕ್ಕೆ ಎರಡು ನೆಟ್‌ವರ್ಕ್ ಕಾರ್ಡು ಸಿಕ್ಕಿಸಿ, ಪುಸ್ತಕ ಓದಿ ಓದಿ ನಾಲ್ಕು ದಿನದಲ್ಲಿ ಕಾವಲುಗಾರನನ್ನು ಎಬ್ಬಿಸಿ ನಿಲ್ಲಿಸಿದಳು. ಅದು ಯುಗಾದಿಯ ಹೊತ್ತು. ಆ ದಿನ ಅವಳ ಕಾಲು ನೆಲದ ಮೇಲೆ ಇರಲಿಲ್ಲ.

ಆದರೆ ಆ ಸಂತೋಷ ವಾರ ಪೂರ್ತಿ ಬಾಳಲಿಲ್ಲ. ದಿನಾ ಬೆಳಿಗ್ಗೆ ಹತ್ತು ಗಂಟೆಯಾಯಿತೆಂದರೆ ಡಬ್ಬಿ ಕೈಕೊಡತೊಡಗಿತು. ಆರರಿಂದ ಟೈಪು ಮಾಡಿದ್ದನ್ನೆಲ್ಲ ಸರಿಯಾಗಿ ಕಳಿಸಬೇಕಾದ ಹೊತ್ತಿಗೇ ಸಂಪರ್ಕ ಹೋಗುವುದು, ಬರುವುದು, ಮತ್ತೆ ಹೋಗುವುದು. ಹನ್ನೊಂದಕ್ಕೆ ಏನೂ ಆಗಿಲ್ಲವೆಂಬಂತೆ ಸುಮ್ಮನೆ ನಡೆಯುವುದು. ಸಂಜೆ ಏಳಕ್ಕೂ ಹಾಗೇ ಎಂದು ಶಿವಯೋಗೀಶ ಗೊಣಗುತ್ತಿದ್ದ. ಅವಳ ಕಡತಗಳು ತಡವಾಗಿ ಹೋದವು, ಒಮ್ಮೆಯಲ್ಲ, ಹನ್ನೊಂದು ಸಲ.

ಅವಳೇನು ಕೈಕಟ್ಟಿ ಕೂತಿರಲಿಲ್ಲ. ಕೇಬಲ್ ಬದಲಿಸಿದಳು. ಕೊಪ್ಪಿಕರ ರಸ್ತೆಯ ಹಿಂದಿನ ಸಂದಿಯಲ್ಲಿ ಹಳೆಯ ಬಿಡಿಭಾಗ ಮಾರುವ ಕಮರುದ್ದೀನನ ಬಳಿ ಕಾರ್ಡು ತಂದು ಬದಲಿಸಿದಳು. ಮತ್ತೆ ಹೋಗಿ ಇನ್ನೊಂದು ತಂದಳು. ಪವರ್ ಸಪ್ಲೈ ಬದಲಾಯಿತು, ಮೆಮೊರಿ ಬದಲಾಯಿತು, ಫ್ಯಾನು ಬದಲಾಯಿತು. ನಾಲ್ಕನೆಯ ಸಲ ಹೋದಾಗ ಕಮರುದ್ದೀನನಿಗೇ ಕರುಣೆ ಬಂದಿತು.

“ಅಕ್ಕಾರ, ಇನ್ನ ಆ ಡಬ್ಬಿ ಒಳಗ ಹಳೇದಂತ ಉಳಿದಿದ್ದು ಸ್ಕ್ರೂ ಅಷ್ಟ ನೋಡ್ರಿ,” ಎಂದ.

ಮಾವ ಕುಬೇರಪ್ಪನವರದು ಬೇರೆಯೇ ರಗಳೆ. ಅವರು ಮೂವತ್ತು ವರ್ಷ ಟೆಲಿಫೋನ್ ಮೆಕ್ಯಾನಿಕ್ಕಾಗಿದ್ದು ನಿವೃತ್ತರಾದವರು. ದಿನಾ ಹತ್ತಕ್ಕೆ ಫೋನಿನ ರಿಸೀವರು ಕಿವಿಗಿಟ್ಟು, ಕಣ್ಣು ಮುಚ್ಚಿ, ಗಾಯಕನ ಶ್ರುತಿ ಪರೀಕ್ಷಿಸುವವರ ಗತ್ತಿನಲ್ಲಿ ಲೈನು ಆಲಿಸುತ್ತಿದ್ದರು.

“ಲೈನ ಸಾಫ್ ಐತವ್ವಾ. ಒಂದ ಗರಗರ ಇಲ್ಲ. ತಪ್ಪ ನಿನ್ನ ಡಬ್ಬಿದು.”

“ಮಾವಾರ, ಡಬ್ಬಿ ಒಳಗ ಎಲ್ಲಾ ಹೊಸಾದು ಹಾಕೇನ್ರಿ.”

“ಹಂಗಾರ ಹೊಸಾದೂ ಕೆಟ್ಟಿರಬೇಕು.”

ಟೆಲಿಫೋನಿನವರ ಜೊತೆ ವಾದ ಮಾಡಿ ಗೆದ್ದವರುಂಟೇ? ರಾಜೇಶ್ವರಿ ಹಲ್ಲು ಕಚ್ಚಿ ಮತ್ತೆ ಡಬ್ಬಿಯ ಕಡೆ ತಿರುಗುತ್ತಿದ್ದಳು.

ಪಂಚಮಿಯ ವಾರ ಕಂಪನಿಯ ಮೇಲ್ವಿಚಾರಕಿ ಸುಮಲತಾ ಫೋನ್ ಮಾಡಿದಳು. ಒಳ್ಳೆಯ ಹೆಂಗಸು, ಆದರೆ ಅವಳ ಮೇಲೂ ಹೇಳುವವರಿದ್ದರು. “ರಾಜೇಶ್ವರಿಯವರ, ಸೋಮವಾರ ಹತ್ತರಿಂದ ಹನ್ನೆರಡರ ತನಕ ನಿಮ್ಮ ಲೈನ್ ಪರೀಕ್ಷಾ ಮಾಡ್ತೇವ್ರಿ. ಒಂದರ ಹಿಂದ ಒಂದ ಫೈಲ್ ಹೋಗಕೋತ ಬರಕೋತ ಇರಬೇಕು. ಒಮ್ಮೆ ಬಿತ್ತಂದ್ರ ಮುಗೀತ್ರಿ, ಮನಿಯಿಂದ ಕೆಲಸಾ ಬಂದ್. ಆಫೀಸಿನ್ಯಾಗ ಕುರ್ಚಿನೂ ಇಲ್ಲ, ನಿಮಗ ಗೊತ್ತದ.”

ಗೊತ್ತಿತ್ತು. ಪರೀಕ್ಷೆಯೆಂದರೆ ಪರೀಕ್ಷೆ, ಸೋತರೆ ಕೆಲಸವೇ ಹೋಯಿತು. ಫೋನ್ ಇಟ್ಟ ಮೇಲೆ ಅವಳು ಡಬ್ಬಿಯ ನೆತ್ತಿಗೆ ಒಂದು ಗುದ್ದು ಗುದ್ದಿದಳು. ಕೈ ನೋವಾಯಿತು, ಸಂಪರ್ಕಕ್ಕೆ ಮಾತ್ರ ಏನೂ ಆಗಲಿಲ್ಲ. ಅದನ್ನು ಕಂಡು ಅವಳಿಗೆ ಇನ್ನಷ್ಟು ಸಿಟ್ಟು ಬಂದಿತು.

ಶುಕ್ರವಾರ ರೊಟ್ಟಿ ಪಂಚಮಿ. ಮರುದಿನ ನಾಗಪ್ಪನ ಪಂಚಮಿಗೆ ಒಲೆಯ ಮೇಲೆ ಹಂಚಿಡುವಂತಿಲ್ಲವಾದ್ದರಿಂದ ಹಿಂದಿನ ದಿನವೇ ರೊಟ್ಟಿಗಳ ರಾಶಿ ಏಳಬೇಕು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡಕು ರೊಟ್ಟಿ, ಬಗೆಬಗೆಯ ಪಲ್ಯ ಎಲ್ಲವೂ ತಟ್ಟೆಯಲ್ಲಿ ಕೂತು ಓಣಿಯ ಮನೆಮನೆಗೆ ಹೋಗಬೇಕು, ಅಲ್ಲಿಂದ ಅವರದು ಬರಬೇಕು. ಅತ್ತೆ ಚನ್ನಬಸವ್ವನ ರೊಟ್ಟಿ ಎಂದರೆ ಉಣಕಲ್ಲಿನಲ್ಲಿ ಎರಡು ಮಾತಿರಲಿಲ್ಲ; ಹಾಳೆಯಷ್ಟು ತೆಳುವು, ಚಂದ್ರನಷ್ಟು ದುಂಡು. ಅಂದು ಬೆಳಿಗ್ಗೆ ಆರಕ್ಕೆ ಹಿಟ್ಟಿಗೆ ಕೈಹಾಕಿದ ಚನ್ನಬಸವ್ವ ಮಧ್ಯಾಹ್ನ ಎರಡಾದರೂ ಬಿಟ್ಟಿರಲಿಲ್ಲ. ಆ ದಿನ ಫೈರ್‌ವಾಲ್ ಆರಕ್ಕೇ ಬಿದ್ದು, ಎರಡರ ತನಕ ಏಳುತ್ತ ಬೀಳುತ್ತ ರಾಜೇಶ್ವರಿಯನ್ನು ಅಳಿಸಿಯೇ ಬಿಟ್ಟಿತು.

ಶನಿವಾರ ಪಂಚಮಿ. ಹಂಚಿಲ್ಲ, ಉಂಡೆ, ಜೋಳದ ಅಳ್ಳು, ಕುದಿಸಿದ ಕಡಬು. ಅಂದು ಸಂಪರ್ಕ ಒಮ್ಮೆಯಾದರೂ ಬಿದ್ದರೆ ಕೇಳಿ! ಬೆಳಗಿನಿಂದ ದೀಪ ಹಚ್ಚುವ ಹೊತ್ತಿನ ತನಕ ಫೈರ್‌ವಾಲ್ ಗಂಡು ಆಳಿನಂತೆ ನಿಂತುಬಿಟ್ಟಿತು. ಡಬ್ಬಿಯೊಳಗೆ ದಿನಚರಿ ಬರೆಯುವ ಏರ್ಪಾಡಿತ್ತು, ಸಂಪರ್ಕ ಎಷ್ಟು ಗಂಟೆಗೆ ಹೋಯಿತು, ಎಷ್ಟಕ್ಕೆ ಬಂದಿತು ಎಂದು ಸೆಕೆಂಡಿನ ಲೆಕ್ಕದಲ್ಲಿ. ಶುಕ್ರವಾರದ ಪುಟದಲ್ಲಿ ಮುನ್ನೂರಕ್ಕೂ ಹೆಚ್ಚು ಸಾಲು. ಶನಿವಾರದ ಪುಟ ಖಾಲಿ.

“ಸೂಟಿ ಐತಲ್ಲ, ಎಕ್ಸ್‌ಚೇಂಜಿನ್ಯಾಗ ಗದ್ದಲಿಲ್ಲ,” ಎಂದರು ಕುಬೇರಪ್ಪ.

“ಲೈನ್ ಸಾಫ್ ಐತಿ ಅಂತಿದ್ರೆಲ್ರಿ ಮಾವಾರ?”

ಕುಬೇರಪ್ಪನವರು ಉಂಡೆ ಬಾಯಿಗೆ ಹಾಕಿಕೊಂಡು ಆ ಪ್ರಶ್ನೆಯಿಂದ ಪಾರಾದರು.

ರವಿವಾರ ಬೆಳಿಗ್ಗೆ ರಾಜೇಶ್ವರಿ ಕೆಲಸ ಬಿಟ್ಟು ಡಬ್ಬಿಯ ಮುಂದೆಯೇ ಕುರ್ಚಿ ಹಾಕಿ ಕೂತಳು. ನೋಡಿಯೇಬಿಡುವುದು ಎಂಬ ಹಟ. ಒಂಬತ್ತಾಯಿತು, ಏನಿಲ್ಲ. ಒಂಬತ್ತೂವರೆ, ಏನಿಲ್ಲ. ಹತ್ತಾಗಿ ಎಂಟು ನಿಮಿಷಕ್ಕೆ ಪರದೆಯ ಮೇಲೆ ಮೊದಲ ಸಾಲು ಬಂತು: ಸಂಪರ್ಕ ಹೋಯಿತು. ನಲವತ್ತು ಸೆಕೆಂಡಾದ ಮೇಲೆ: ಬಂದಿತು. ಒಂದು ನಿಮಿಷ ಸುಮ್ಮನಿತ್ತು. ಮತ್ತೆ ಹೋಯಿತು. ಮತ್ತೆ ನಲವತ್ತು ಸೆಕೆಂಡು.

ಇದೇನು, ಇಷ್ಟು ಶಿಸ್ತಿನಲ್ಲಿ ಕೆಡುವ ಯಂತ್ರವನ್ನು ಅವಳು ಕಂಡಿರಲಿಲ್ಲ. ಬಿಸಿಯಾಗಿ ಕೆಟ್ಟರೆ ಹೇಗೆ ಬೇಕೋ ಹಾಗೆ ಕೆಡುತ್ತದೆ. ಇದಕ್ಕೆ ತಾಳವಿದೆಯಲ್ಲ! ಅವಳು ಉಸಿರು ಬಿಗಿಹಿಡಿದು ಪರದೆ ನೋಡಿದಳು. ಆಗ ಕಿವಿ ತೆರೆಯಿತು. ಗೋಡೆಯಾಚೆ ಅಡುಗೆಮನೆಯಲ್ಲಿ ಪಟ ಪಟ ಪಟ ಪಟ. ದಿನಾ ಕೇಳಿ ಕೇಳಿ ಕೇಳಿಸದೇ ಹೋಗಿದ್ದ ಸಪ್ಪಳ. ಸಪ್ಪಳ ನಿಂತಿತು, ಅತ್ತೆ ರೊಟ್ಟಿಯನ್ನು ಹಂಚಿಗೆ ಹಾಕಿದರು. ಪರದೆಯ ಮೇಲೆ: ಬಂದಿತು. ಒಂದು ನಿಮಿಷ ರೊಟ್ಟಿ ಬೆಂದಿತು. ಮತ್ತೆ ಪಟ ಪಟ. ಪರದೆಯ ಮೇಲೆ: ಹೋಯಿತು.

ಶುಕ್ರವಾರ ಇಡೀ ದಿನ ರೊಟ್ಟಿ. ಶನಿವಾರ ಹಂಚೇ ಇಲ್ಲ. ಬೆಳಿಗ್ಗೆ ಹತ್ತು, ಸಂಜೆ ಏಳು. ರಾಜೇಶ್ವರಿ ಕುರ್ಚಿ ಹಿಂದಕ್ಕೆ ಬಿದ್ದದ್ದೂ ತಿಳಿಯದೆ ಅಡುಗೆಮನೆಗೆ ಓಡಿದಳು.

“ಅತ್ತೀ, ನಿಲ್ಲಸ್ರಿ!”

ಚನ್ನಬಸವ್ವನ ಕೈ ಮೇಲೆಯೇ ನಿಂತಿತು. “ಯವ್ವಾ, ಏನಾತ? ಹಲ್ಲಿ ಬಿತ್ತೇನ?”

“ಇಲ್ರಿ. ಈಗ ಬಡೀರಿ!”

“ಏನ ಬಡೀಲಿ?”

“ರೊಟ್ಟಿ ಬಡೀರಿ ಅತ್ತಿ, ನಾ ನಿಲ್ಲಸ್ರಿ ಅನ್ನೂತನಕ ಬಡೀರಿ! ಮಾವಾರ, ಲಗೂ ಬರ್ರಿ!”

ಕುಬೇರಪ್ಪನವರು ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ಓಡಿ ಬಂದರು. ಸೊಸೆ ಅಡುಗೆಮನೆಗೂ ಪಡಸಾಲೆಗೂ ಹಾರಾಡುತ್ತ ಬಡೀರಿ, ನಿಲ್ಲಸ್ರಿ, ಬಡೀರಿ, ನಿಲ್ಲಸ್ರಿ ಎಂದು ಕೂಗುತ್ತಿದ್ದಳು. ಶಿವಯೋಗೀಶ ಬಾಗಿಲಲ್ಲಿ ನಿಂತು, ಡಾಕ್ಟರನ್ನು ಕರೆಯಬೇಕೇ ಬೇಡವೇ ಎಂಬ ಮುಖ ಮಾಡಿದ್ದ. ಆದರೆ ಮೂವತ್ತು ವರ್ಷದ ಮೆಕ್ಯಾನಿಕ್ಕಿಗೆ ವಿಷಯ ಹೊಳೆಯಲು ಎರಡು ರೊಟ್ಟಿ ಸಾಕಾದವು.

“ಗ್ವಾಡಿ!” ಎಂದರು ಕುಬೇರಪ್ಪ. “ಕಡಪಾ ಕಲ್ಲಿನ ತುದಿ ಈ ಗ್ವಾಡಿ ಒಳಗ ಐತಿ. ಆ ಕಡಿ ಬಡದ್ರ ಈ ಕಡಿ ನಡಗತೈತಿ.”

ಹೌದು. ಮಂಡಿನೋವೆಂದು ಚನ್ನಬಸವ್ವನಿಗೆ ನಿಂತು ಅಡುಗೆ ಮಾಡಲು ಕಡಪಾ ಕಲ್ಲಿನ ಕಟ್ಟೆ ಕಟ್ಟಿಸಿದ್ದೂ ಅದೇ ಯುಗಾದಿಗೆ. ಅದಕ್ಕೆ ಮೊದಲು ಅವರು ನೆಲಕ್ಕೆ ಕೂತು ರೊಟ್ಟಿ ಬಡಿಯುತ್ತಿದ್ದರು. ಕಟ್ಟೆಯೂ ಫೈರ್‌ವಾಲೂ ಒಂದೇ ವಾರದಲ್ಲಿ ಮನೆಗೆ ಬಂದಿದ್ದವು; ಬೈಗುಳ ಮಾತ್ರ ಒಂದಕ್ಕೇ ಬಿದ್ದಿತ್ತು.

“ಆದ್ರ ಡಬ್ಬಿ ಗ್ವಾಡಿಗೆ ತಾಗಿಲ್ಲಲ್ರಿ,” ಎಂದಳು ರಾಜೇಶ್ವರಿ. ಅಷ್ಟರಲ್ಲಿ ಇಬ್ಬರ ಕಣ್ಣೂ ಒಟ್ಟಿಗೆ ಅದೇ ಗೋಡೆಯ ಮೇಲಿದ್ದ ಮಠದ ಕ್ಯಾಲೆಂಡರಿನತ್ತ ಹೋದವು. ಸ್ವಿಚ್ಚಿನ ಪೆಟ್ಟಿಗೆ ಬರೀ ತಂತಿಗಳ ಗೊಂಚಲಾಗಿ ಅಸಹ್ಯ ಕಾಣುತ್ತದೆಂದು ಚನ್ನಬಸವ್ವ ಅದರ ಮೇಲೆ ಕ್ಯಾಲೆಂಡರು ತೂಗುಹಾಕಿದ್ದರು. ಕುಬೇರಪ್ಪ ಅದನ್ನು ಎತ್ತಿ ಹಿಡಿದರು. “ಬಡಿ!” ಎಂದು ಕೂಗಿದರು. ಪಟ ಪಟ. ಸ್ವಿಚ್ಚಿನ ಹಸಿರು ದೀಪಗಳೆಲ್ಲ ಒಟ್ಟಿಗೆ ಆರಿದವು. ಸಪ್ಪಳ ನಿಂತಾಗ ಮೆಲ್ಲಗೆ ಹತ್ತಿಕೊಂಡವು.

ಮನೆಯಲ್ಲಿ ಬದಲಾಗದೆ ಉಳಿದ ವಸ್ತು ಅದೊಂದೇ. ಸಂಪರ್ಕ ಹೋದದ್ದನ್ನು ಬರೆದಿಟ್ಟದ್ದು ಫೈರ್‌ವಾಲ್ ಎಂಬ ತಪ್ಪಿಗೆ ಫೈರ್‌ವಾಲನ್ನೇ ಎಲ್ಲರೂ ಕಳ್ಳನೆಂದಿದ್ದರು; ಕಟ್ಟಿದವಳೂ ಸೇರಿ. ರಾಜೇಶ್ವರಿ ಮಾವನ ಮುಂದೆ ಎಂಬುದನ್ನೂ ಮರೆತು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದಳು.

ಕುಬೇರಪ್ಪನವರು ಅರ್ಧ ಗಡ್ಡದಲ್ಲೇ ಸ್ವಿಚ್ಚು ಬಿಚ್ಚಿದರು. ಕರೆಂಟಿನ ವೈರು ಸಿಕ್ಕಿಸುವ ತೂತಿನ ಲೋಹದ ಕಾಲಿಗೆ ಹಾಕಿದ್ದ ಬೆಸುಗೆ ಕೂದಲೆಳೆಯಷ್ಟು ಸೀಳಿತ್ತು. ಗೋಡೆ ನಡುಗಿದಾಗೆಲ್ಲ ಅದು ಬಾಯಿ ಬಿಡುತ್ತಿತ್ತು. ನಿವೃತ್ತಿಯ ದಿನ ಕಟ್ಟಿಟ್ಟ ಚೀಲದಿಂದ ಅವರು ಬೆಸುಗೆಯ ಕಡ್ಡಿ ತೆಗೆದು, ಧೂಳು ಊದಿ, ಕಾಯಿಸಿ, ಸೊಸೆಯ ಕೈಯಲ್ಲಿ ಬ್ಯಾಟರಿ ದೀಪ ಹಿಡಿಸಿ, ಒಂದು ಹನಿ ಸೀಸ ಕರಗಿಸಿ ಕೂರಿಸಿದರು. ಆ ಕ್ಷಣ ಅವರ ವಯಸ್ಸು ನಲವತ್ತಕ್ಕಿಂತ ಒಂದು ದಿನವೂ ಹೆಚ್ಚಾಗಿರಲಿಲ್ಲ.

“ಹೊಸಾದ ತಂದ್ರ ಆಗ್ತದಲ್ಲಪ್ಪಾ,” ಎಂದ ಶಿವಯೋಗೀಶ.

“ರವಿವಾರ ನಿಮ್ಮಪ್ಪ ಅಂಗಡಿ ತಗದಿರತಾನೇನ?” ಎಂದರು ಅವನಪ್ಪ.

ಈ ಗದ್ದಲದಲ್ಲಿ ಚನ್ನಬಸವ್ವ ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈ ಹಿಡಿದುಕೊಂಡೇ ನಿಂತಿದ್ದರು. ಮುಖ ಸಣ್ಣದಾಗಿತ್ತು. “ಅಂದ್ರ ಐದ ತಿಂಗಳಿಂದ ನಿನ್ನ ಕೆಲಸಕ್ಕ ಅಡ್ಡ ಬಂದಿದ್ದು ನನ್ನ ಕೈ ಏನವ್ವಾ? ಮೊದಲ ನಾ ಹನ್ನೆರಡಕ್ಕ ರೊಟ್ಟಿ ಮಾಡತಿದ್ನಿ. ನೀ ನಸಕಿನ್ಯಾಗ ಕುಂದರತಿ, ಹನ್ನೊಂದಕ್ಕ ಹಸಿತೈತಿ, ಬಿಸಿದು ತಿನ್ನಲಿ ಅಂತ ಹತ್ತಕ್ಕ ಚಾಲೂ ಮಾಡಿದ್ನಿ.”

ಹನ್ನೊಂದಕ್ಕೆ ಮೇಜಿನ ಮೇಲೆ ಬಂದು ಕೂರುತ್ತಿದ್ದ ತಟ್ಟೆಯನ್ನು ರಾಜೇಶ್ವರಿ ದಿನಾ ತಲೆಯೆತ್ತದೆ ಖಾಲಿ ಮಾಡಿದ್ದಳು. ಬಹುಪಾಲು ದಿನ ಫೈರ್‌ವಾಲಿಗೆ ಶಾಪ ಹಾಕುತ್ತಲೇ ಉಂಡಿದ್ದಳು. “ಸ್ವಿಚ್ಚಿನ ಬೆಸಿಗಿ ಬಿಟ್ಟಿತ್ರಿ ಅತ್ತಿ, ನಿಮ್ಮ ಕೈಗೇನಾಗೇತಿ?” ಎಂದಷ್ಟೇ ಹೇಳಲಾಯಿತು.

ಸಂಜೆ ಸ್ವಿಚ್ಚು ಮತ್ತೆ ಅದೇ ಮೊಳೆಗೆ ಏರಿತು. ತಂತಿಗಳೆಲ್ಲ ಅಲ್ಲಿಗೇ ಅಳತೆ ಮಾಡಿ ಕತ್ತರಿಸಿದ್ದವು. ಹಿಂದೆ ಮೆತ್ತಗಿರಲೆಂದು ಹಳೆಯ ಕೌದಿಯ ತುಂಡು ಇಟ್ಟರು. ಏಳಕ್ಕೆ ಚನ್ನಬಸವ್ವ ಎಂಟು ರೊಟ್ಟಿ ಬಡಿದರು. ದೀಪ ಒಂದೂ ಆರಲಿಲ್ಲ. ಮನೆಯಲ್ಲಿ ಮದುವೆಯ ಸಡಗರ. ಕುಬೇರಪ್ಪನವರು ತಮ್ಮ ಬೆಸುಗೆಯನ್ನು ಮೂರು ಸಲ ಹೊಗಳಿಕೊಂಡರು, ಯಾರೂ ತಡೆಯಲಿಲ್ಲ.

ಊಟಕ್ಕೆ ಕೂತು ಮೊದಲ ರೊಟ್ಟಿ ಮುರಿದವರು ಅವರೇ. ಮುರಿದು, ಕೈಯಲ್ಲಿ ತೂಗಿ ನೋಡಿದರು. “ಇದ್ಯಾಕ ಇಷ್ಟ ದಪ್ಪ ಆಗೇತಿ?”

ಚನ್ನಬಸವ್ವ ಪಲ್ಯದ ಬೋಗುಣಿಯೊಳಗೆ ಸೌಟು ತಿರುವಿದರು. “ಆಗೇತಿ.”

“ನಲವತ್ತ ವರ್ಷದಾಗ ಒಮ್ಮೆನೂ ಆಗಿಲ್ಲಲ್ಲ?”

“ಮೆಲ್ಲಕ ಬಡದ್ನಿ,” ಎಂದರು ಚನ್ನಬಸವ್ವ. “ಮತ್ತ ದೀಪ ಆರಿದ್ರ? ನನ್ನ ಕೈ ಏಳಲೇ ಇಲ್ಲ.”

ಅಲ್ಲಿಗೆ ಆ ಸಂಜೆಯ ಗೆಲುವು ಗೆಲುವಾಗಿ ಉಳಿಯಲಿಲ್ಲ. ಬೆಸುಗೆ ಗಟ್ಟಿಯಿದೆಯೋ, ಅತ್ತೆಯ ಕೈ ಮೆತ್ತಗಾಗಿತ್ತೋ, ಯಾರು ಹೇಳಬೇಕು?

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಚನ್ನಬಸವ್ವ ತಾವಾಗಿಯೇ ಬಂದು ಹೇಳಿದರು. “ಇವತ್ತ ಅನ್ನ ಸಾರ ಮಾಡತೇನವ್ವಾ. ಹಂಚ ಮುಟ್ಟೂದಿಲ್ಲ.”

“ಛಲೋ ಆತ,” ಎಂದ ಶಿವಯೋಗೀಶ. “ಎರಡ ತಾಸಿನ ಮಾತು.”

ರಾಜೇಶ್ವರಿ ಹೂಂ ಎನ್ನಲು ಬಾಯಿ ತೆರೆದಳು. ಎಷ್ಟು ಸುಲಭ! ಎರಡು ತಾಸು ಗೋಡೆ ಸುಮ್ಮನಿದ್ದರೆ ಕೆಲಸ ಉಳಿಯಿತು. ಆದರೆ ಮಂಗಳವಾರ? ಬುಧವಾರ? ದಿನಾ ಹತ್ತಕ್ಕೆ ಆ ಹೆಂಗಸು ತನ್ನದೇ ಅಡುಗೆಮನೆಯಲ್ಲಿ ಕಳ್ಳರಂತೆ ಕೈ ಹಿಡಿದು ದಪ್ಪ ರೊಟ್ಟಿ ಮಾಡಬೇಕೇ? ಹೆದರಿಕೆಯಿತ್ತು, ಇಲ್ಲವೆಂದರೆ ಸುಳ್ಳು. ಅದಕ್ಕಿಂತ ಹೆಚ್ಚಾಗಿ ಹುರುಪಿತ್ತು.

“ಬ್ಯಾಡ್ರಿ ಅತ್ತಿ. ನೀವು ರೊಟ್ಟಿ ಮಾಡ್ರಿ. ಹತ್ತಕ್ಕ ಚಾಲೂ ಮಾಡ್ರಿ, ಹನ್ನೆರಡತನಾ ಬಿಡಬ್ಯಾಡ್ರಿ. ರೊಟ್ಟಿ ಪಂಚಮಿಗೆ ಹೆಂಗ ಬಡದ್ರಿ, ಹಂಗ ಬಡೀರಿ.”

“ತಲಿ ನೆಟ್ಟಗೈತಿಲ್ಲ ನಿಂದು?” ಎಂದ ಶಿವಯೋಗೀಶ.

“ಬೀಳೂದಿದ್ರ ಇವತ್ತ ಬೀಳ್ಲಿ. ಅತ್ತಿ ಕೈ ಕಟ್ಟಿಹಾಕಿ ನಾ ಕೆಲಸಾ ಉಳಿಸಿಕೊಳ್ಳೂದಿಲ್ಲ.”

ಕುಬೇರಪ್ಪನವರು ಸೊಸೆಯನ್ನು ನೋಡಿದರು, ತಮ್ಮ ಬೆಸುಗೆಯನ್ನು ನೋಡಿದರು. ಒಂದು ಸಲ ಕೆಮ್ಮಿದರು. “ಬಡಿ,” ಎಂದರು ಹೆಂಡತಿಗೆ.

ಹತ್ತಕ್ಕೆ ಸುಮಲತಾಳ ಫೋನು ಬಂತು. ಪರೀಕ್ಷೆ ಮುಗಿಯುವ ತನಕ ಫೋನ್ ಇಡಬೇಡಿ ಎಂದು ಹೇಳಿ ಮೊದಲ ಕಡತ ಕಳಿಸಿದಳು. ರಾಜೇಶ್ವರಿ ರಿಸೀವರನ್ನು ಮೇಜಿನ ಮೇಲೆ ಪಕ್ಕಕ್ಕಿಟ್ಟು ಕಡತ ಇಳಿಸಿಕೊಂಡಳು. ಕ್ಯಾಲೆಂಡರನ್ನು ಮೊದಲೇ ತೆಗೆದಿಟ್ಟಿದ್ದರು. ಬರಿಗೋಡೆಯ ಮೇಲೆ ಹಸಿರು ದೀಪಗಳು ಮಿಣಮಿಣ ಎನ್ನುತ್ತಿದ್ದವು. ಆಚೆಯಿಂದ ಮೊದಲ ಪೆಟ್ಟು ಬಿದ್ದಿತು. ಪಟ್!

ದೀಪ ಇತ್ತು.

ಪಟ ಪಟ ಪಟ ಪಟ. ಚನ್ನಬಸವ್ವ ಮೊದಲ ರೊಟ್ಟಿಗೆ ಅಂಜಿದರು, ಎರಡನೆಯದಕ್ಕೆ ಸೆರಗು ಸಿಕ್ಕಿಸಿದರು, ಮೂರನೆಯದಕ್ಕೆ ಅವರ ನಲವತ್ತು ವರ್ಷದ ಕೈ ತಾನಾಗಿ ಎದ್ದಿತು. ಕಡಪಾ ಕಲ್ಲು ಗುಡುಗಿತು, ಪಡಸಾಲೆಯ ಗೂಡಿನಲ್ಲಿದ್ದ ಕುಂಕುಮದ ಭರಣಿ ಕಿಣಿಕಿಣಿ ಎಂದಿತು. ಕುಬೇರಪ್ಪನವರು ಸ್ವಿಚ್ಚಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ದೀಪ ಎಣಿಸುತ್ತಿದ್ದರು. ಶಿವಯೋಗೀಶ ರೊಟ್ಟಿ ಎಣಿಸುತ್ತಿದ್ದ. ಅಂಗಡಿಗೆ ಹೋಗಬೇಕಾದವನು ಅಂಗಡಿಯನ್ನೇ ಮರೆತಿದ್ದ. ಹತ್ತು ರೊಟ್ಟಿ, ಆರು ಕಡತ. ಇಪ್ಪತ್ತು ರೊಟ್ಟಿ, ಹದಿನೈದು ಕಡತ. ಹಿಟ್ಟು ತೀರಿತು, ಮತ್ತೆ ನಾದಿದರು. ರಾಜೇಶ್ವರಿಯ ಬೆರಳುಗಳು ಗೋಡೆಯಾಚೆಯ ತಾಳಕ್ಕೇ ಓಡುತ್ತಿದ್ದವು. ಹೋಯಿತು ಎಂಬ ಸಾಲು ಪರದೆಯ ಮೇಲೆ ಬರಲೇ ಇಲ್ಲ.

ಹನ್ನೆರಡಕ್ಕೆ ರಿಸೀವರಿನಿಂದ ಸುಮಲತಾಳ ದನಿ ಬಂತು. “ರಾಜೇಶ್ವರಿಯವರ, ಒಮ್ಮೆನೂ ಬಿದ್ದಿಲ್ರಿ! ಸಾಹೇಬ್ರು ಹೂಂ ಅಂದ್ರು. ನಾಳಿಯಿಂದ ನೀವು ಮನಿಯಿಂದನ ಖಾಯಂ.”

ರಾಜೇಶ್ವರಿ ಕುರ್ಚಿಯಿಂದ ಎದ್ದೇ ನಿಂತಳು. ಕುಬೇರಪ್ಪನವರು ಗೋಡೆಗೆ ಒರಗಿ ಕಣ್ಣು ಒರೆಸಿಕೊಂಡರು, ಧೂಳು ಬಿತ್ತು ಎಂದರು.

“ಅಂದಂಗ ಒಂದ ಮಾತು,” ಎಂದಳು ಸುಮಲತಾ. “ಎರಡ ತಾಸಿಂದ ಕೇಳಾಕತ್ತೇನಿ. ನಿಮ್ಮ ಮನ್ಯಾಗ ಏನರ ಕಟ್ಟಡದ ಕೆಲಸಾ ನಡದೈತೇನ್ರಿ?”

“ಇಲ್ರಿ ಮೇಡಂ.” ರಾಜೇಶ್ವರಿ ಅಡುಗೆಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು. “ಅದು ನಮ್ಮ ಅತ್ತಿಯಾರು. ಮನಿಯಿಂದ ಕೆಲಸಾ ಮಾಡೋರು ಇಲ್ಲಿ ಇಬ್ಬರದೇವ್ರಿ. ಅವರು ನನಗಿಂತ ನಲವತ್ತ ವರ್ಷ ಸೀನಿಯರ್.”

ಗೋಡೆಯಾಚೆ ಸಪ್ಪಳ ಒಮ್ಮೆಲೇ ನಿಂತಿತು. ಪಡಸಾಲೆಯಲ್ಲಿದ್ದ ಮೂವರೂ ಕಾದರು. ಸ್ವಲ್ಪ ಹೊತ್ತಿನ ಮೇಲೆ ಅದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.